ಚಹಾಕ್ಕೆ ನಿಂತ ಹೊತ್ತು

ಸ್ಪರ್ಧೆಗೆ ಇನ್ನು ಮೂರು ವಾರ ಉಳಿದಿದ್ದಾಗ ಒಂದು ಸಂಜೆ, ಮಕ್ಕಳ ಉತ್ತರ ಪತ್ರಿಕೆ ತಿದ್ದುವ ಕೆಂಪು ಪೆನ್ನು ಹಿಡಿದುಕೊಂಡು ನನ್ನದೇ ತಾಲೀಮಿನ ಲೆಕ್ಕದ ವಹಿ ತಿದ್ದಲು ಕುಳಿತೆ. ಗದಗ-ಬೆಟಗೇರಿಯ ನಮ್ಮ ಅಡುಗೆಮನೆಯಲ್ಲಿ, ನೆಲದ ಮೇಲೆ, ಎರಡೂ ಕಾಲು ಚಾಚಿಕೊಂಡು. ಕುರ್ಚಿಯಲ್ಲಿ ಕುಳಿತರೆ ಏಳುವಾಗ ತೊಡೆ ಮಾತು ಕೇಳುತ್ತಿರಲಿಲ್ಲ. ನೆಲದಿಂದ ಏಳುವಾಗಲೂ ಕೇಳುತ್ತಿರಲಿಲ್ಲ, ಆದರೆ ನೆಲ ತಣ್ಣಗಿತ್ತು, ಅದೊಂದು ಸುಖ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ವಯಸ್ಸು ನಲವತ್ತಾರು. ಮೂರು ವರ್ಷದಿಂದ ನನಗೆ ಹಿಡಿದಿರುವ ಹುಚ್ಚಿನ ಹೆಸರು ಟ್ರಯಥ್ಲಾನ್, ಅದರಲ್ಲೂ ಉದ್ದನೆಯದು. ಮೊದಲು ಸಮುದ್ರದಲ್ಲಿ ನಾಲ್ಕು ಕಿಲೋಮೀಟರಿಗೆ ಸ್ವಲ್ಪ ಕಡಿಮೆ ಈಜು, ಮೈ ಆರುವ ಮೊದಲೇ ನೂರಾ ಎಂಬತ್ತು ಕಿಲೋಮೀಟರ್ ಸೈಕಲ್, ಇಳಿದ ಮೇಲೆ ನಲವತ್ತೆರಡು ಕಿಲೋಮೀಟರ್ ಓಟ. ಎಲ್ಲ ಒಂದೇ ದಿನ. ಇದನ್ನೆಲ್ಲ ಯಾಕೆ ಮಾಡುತ್ತೀರಿ ಎಂದು ಕೇಳಿದವರಿಗೆ ಮೊದಲ ವರ್ಷ ಸಮಾಧಾನದಿಂದ ಉತ್ತರ ಹೇಳುತ್ತಿದ್ದೆ. ಈಗ ಸುಮ್ಮನೆ ನಗುತ್ತೇನೆ. ಬೆಳಿಗ್ಗೆ ನಾಲ್ಕಕ್ಕೆ ಎದ್ದು, ರೊಟ್ಟಿ ಬಡಿದು, ಓಡಿ ಬಂದು, ಐದು ಪೀರಿಯಡ್ ನಿಂತು ಪಾಠ ಹೇಳಿದವಳಿಗೆ ಉತ್ತರ ಹೇಳುವಷ್ಟು ಉಸಿರು ಉಳಿದಿರುವುದಿಲ್ಲ.

ಹೋದ ವರ್ಷ ನಾನು ಈ ಸ್ಪರ್ಧೆಗೆ ಹೋಗಿ ಅರ್ಧಕ್ಕೆ ವಾಪಸು ಬಂದವಳು. ಈಜು ಮುಗಿಸಿದೆ, ಸೈಕಲ್ಲೂ ಮುಗಿಸಿದೆ, ಆದರೆ ಸೈಕಲ್ಲಿಗೆ ಕೊಟ್ಟ ಗಡುವು ಹನ್ನೊಂದು ನಿಮಿಷದ ಹಿಂದೆ ಮುಗಿದಿತ್ತು. ಒಬ್ಬ ಹುಡುಗಿ ಬಂದು ನನ್ನ ಕಾಲಿಗೆ ಕಟ್ಟಿದ್ದ, ಸಮಯ ಅಳೆಯುವ ಪಟ್ಟಿ ಬಿಚ್ಚಿಕೊಂಡಳು. ಬಹಳ ಮೃದುವಾಗಿ ಬಿಚ್ಚಿದಳು, ಅದಕ್ಕೇ ನನಗೆ ಹೆಚ್ಚು ಸಿಟ್ಟು ಬಂತು. ಊರಿಗೆ ಬಂದ ಮೇಲೆ ಮನೆಯವರಿಗೆ ಹೇಳಿದೆ: ಇನ್ನೊಂದು ವರ್ಷ, ಅಷ್ಟೇ. ಈ ಸಲ ಸೈಕಲ್ ಹೊತ್ತಿಗೆ ಸರಿಯಾಗಿ ಮುಗಿಯುತ್ತದೆ ಎಂದು ನನಗೇ ಖಾತ್ರಿಯಾದರೆ ಹೋಗುತ್ತೇನೆ. ಇಲ್ಲವಾದರೆ ಹೆಸರು ವಾಪಸು ತೆಗೆದು ಸೈಕಲ್ ಅಟ್ಟಕ್ಕೆ ಏರಿಸುತ್ತೇನೆ. ಆ ವಿಷಯ ಮತ್ತೆ ನಮ್ಮ ಮನೆಯಲ್ಲಿ ಎತ್ತಬಾರದು.

ಹಾಗಾಗಿ ಆ ಸಂಜೆ ವಹಿ ತಿದ್ದುವುದು ಆಟದ ಮಾತಾಗಿರಲಿಲ್ಲ. ಈಜಿನ ಪುಟಗಳನ್ನು ಮೊದಲು ನೋಡಿದೆ. ಮುಂಡರಗಿಯ ಆಚೆ ತುಂಗಭದ್ರೆಯ ಹಿನ್ನೀರಿನಲ್ಲಿ ಶನಿವಾರಗಳ ಈಜು. ಮೀನು ಹಿಡಿಯುವ ಒಬ್ಬ ಹಿರಿಯರು ಹರಗೋಲಿನಲ್ಲಿ ಪಕ್ಕದಲ್ಲೇ ಬರುತ್ತಿದ್ದರು, ನಾನು ಮುಳುಗಿದರೆ ಎತ್ತಲು. ಒಮ್ಮೆಯೂ ಎತ್ತುವ ಪ್ರಸಂಗ ಬರಲಿಲ್ಲ. ಪಾಸು ಎಂದು ಬರೆದೆ. ಓಟ: ಲಕ್ಕುಂಡಿಯವರೆಗೆ ಹೋಗಿ ಬರುವುದು, ಮೊಣಕಾಲು ನೋವು, ಎರಡು ವಾರ ಬಿಡುವು. ಪರವಾಗಿಲ್ಲ ಎಂದು ಬರೆದೆ. ಸೈಕಲ್ ಪುಟಕ್ಕೆ ಬಂದಾಗ ಮಾತ್ರ ನನಗೆ ಸ್ವಲ್ಪ ಜಂಬವೇ ಬಂತು. ಆರು ತಿಂಗಳ ರವಿವಾರಗಳು. ಗದಗದಿಂದ ಮುಂಡರಗಿಗೆ ಹೋಗಿ ಬರುವುದು, ಆಮೇಲೆ ಲಕ್ಷ್ಮೇಶ್ವರ, ಅಲ್ಲಿಂದ ಶಿಗ್ಲಿವರೆಗೆ ಹೋಗಿ ತಿರುಗಿ, ಶಿರಹಟ್ಟಿ ಮೇಲಿಂದ ಮನೆಗೆ. ಬರೋಬ್ಬರಿ ನೂರಾ ಎಂಬತ್ತು. ಸ್ಪರ್ಧೆಯಲ್ಲಿ ಈಜು ಕಳೆದು ಸೈಕಲ್ಲಿಗೆ ನನಗೆ ಸಿಗುವುದು ಎಂಟೂವರೆ ತಾಸು. ಕೊನೆಯ ಸುತ್ತು ನನ್ನ ಕೈಗಡಿಯಾರದ ಪ್ರಕಾರ ಏಳು ತಾಸು ನಲವತ್ತು ನಿಮಿಷ. ಐವತ್ತು ನಿಮಿಷ ಕೈಯಲ್ಲಿ ಉಳಿದಿತ್ತು.

ಮನೆಯವರು ಚಹಾ ಹಿಡಿದುಕೊಂಡು ಬಂದು ಪಕ್ಕದಲ್ಲಿ ಕುಳಿತರು. ನನ್ನ ತಯಾರಿಯಲ್ಲಿ ಅವರ ಪಾಲು ಇದೇ, ಚಹಾ ಮಾಡುವುದು ಮತ್ತು ಬಾಯಿ ಮುಚ್ಚಿಕೊಂಡಿರುವುದು. ಅವತ್ತು ಎರಡನೆಯದು ಆಗಲಿಲ್ಲ.

"ಈ ಏಳ ತಾಸು ನಲವತ್ತ ನಿಮಿಷ ಯಾವ ಲೆಕ್ಕ?" ಎಂದರು.

"ಹೋದ ಐತವಾರದ್ದು."

"ಹೋದ ಐತವಾರ ನೀ ಮುಂಜಾನಿ ಐದಕ್ಕ ಹೋದಾಕಿ. ಬಂದದ್ದು ಮಧ್ಯಾಹ್ನ ಮೂರೂವರಿಗೆ. ನಾ ಅನ್ನ ಎರಡ ಸಲ ಬಿಸಿ ಮಾಡೇನಿ. ಉಳದ ಮೂರ ತಾಸು ಎಲ್ಲಿದ್ದಿ?"

ಚುಚ್ಚುವ ಧಾಟಿಯೇನೂ ಇರಲಿಲ್ಲ, ಸುಮ್ಮನೆ ಕೇಳಿದರು. ನಾನು ಕೈಗಡಿಯಾರವನ್ನು ಫೋನಿಗೆ ಜೋಡಿಸಿ ತೆಗೆದು ತೋರಿಸಲು ಹೋದೆ. ಅಲ್ಲಿ ಎರಡು ಸಮಯ ಬರೆದಿದ್ದವು, ಒಂದರ ಕೆಳಗೆ ಒಂದು. ಮೇಲಿನದು ಸೈಕಲ್ ಚಲಿಸಿದ ಸಮಯ, ಅದು ದೊಡ್ಡ ಅಕ್ಷರದಲ್ಲಿ. ಕೆಳಗಿನದು ಒಟ್ಟು ಸಮಯ, ಇರುವೆಯಷ್ಟು ಸಣ್ಣ ಅಕ್ಷರದಲ್ಲಿ. ಸೈಕಲ್ ನಿಂತರೆ ಗಡಿಯಾರವೂ ತಾನಾಗಿ ನಿಂತುಬಿಡುವಂತೆ ಕೊಂಡ ದಿನವೇ ನಾನು ಹೊಂದಿಸಿ ಇಟ್ಟಿದ್ದೆ. ಆರು ತಿಂಗಳಿಂದ ವಹಿಗೆ ಇಳಿಸಿದ್ದು ಮೇಲಿನದನ್ನು ಮಾತ್ರ. ವರ್ಷಾ ವರ್ಷಾ ಒಂಬತ್ತನೆಯ ಇಯತ್ತೆಗೆ ವೇಗ ಎಂದರೇನು ಎಂದು ಕಲಿಸುವ ಬಾಯಿ ಇದು.

ಆ ಮೂರು ತಾಸು ಎಲ್ಲಿದ್ದೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಮುಂಡರಗಿಯಲ್ಲಿ ಸೋದರಮಾವನ ಮನೆ ರಸ್ತೆಯ ಮೇಲೆಯೇ ಇದೆ. ಲಕ್ಷ್ಮೇಶ್ವರದಲ್ಲಿ ನನ್ನ ಜೊತೆ ಕೆಲಸ ಮಾಡಿ ವರ್ಗವಾಗಿ ಹೋದ ಗೆಳತಿಯ ಮನೆ. ಶಿರಹಟ್ಟಿಯಲ್ಲಿ ನಮ್ಮಕ್ಕನ ಮನೆ. ನಮ್ಮ ಕಡೆ ಬಂಧುಗಳ ಬಾಗಿಲ ಮುಂದೆ ಹಾದು ಹೋಗುವುದು ಸಣ್ಣ ತಪ್ಪಲ್ಲ. ಹಾದು ಹೋದಳಂತೆ, ಒಳಗೆ ಬರಲಿಲ್ಲವಂತೆ ಎಂಬ ಸುದ್ದಿ ನನ್ನ ಸೈಕಲ್ಲಿಗಿಂತ ಜಲ್ದಿ ಗದಗ ಮುಟ್ಟುತ್ತದೆ. ಒಳಗೆ ಹೋದ ಮೇಲೆ ನಿಂತು ಮಾತಾಡುವಂತಿಲ್ಲ, ಕೂಡಬೇಕು. ಕುಳಿತ ಮೇಲೆ ಚಹಾ. ಚಹಾದ ಹಿಂದೆ ಅವಲಕ್ಕಿ, ಇಲ್ಲವೇ ಮಂಡಕ್ಕಿ. ಹೊರಡುತ್ತೇನೆ ಎಂದರೆ, ಮುತ್ತೈದೆ ಹಾಗೇ ಹೋಗಬಾರದು, ಕುಂಕುಮ ಹಚ್ಚಿಕೊಂಡು ಹೋಗು. ಕುಂಕುಮಕ್ಕೆ ಹೆಲ್ಮೆಟ್ ತೆಗೆಯಬೇಕು. ಮುಂಡರಗಿಯ ಅತ್ತಿ, ಸೋದರಮಾವನ ಹೆಂಡತಿ, ಬರಿ ಕುಂಕುಮ ಕೊಟ್ಟು ಕಳಿಸಿದವಳಲ್ಲ, ಜೊತೆಗೆ ಖಣ ಇಡುತ್ತಿದ್ದಳು. ಸೈಕಲ್ ಅಂಗಿಗೆ ಬೆನ್ನ ಹಿಂದೆ ಮೂರು ಜೇಬು ಇರುತ್ತವೆ, ತಿನ್ನುವ ಸಾಮಾನು ಇಟ್ಟುಕೊಳ್ಳಲು. ನನ್ನ ಜೇಬುಗಳಲ್ಲಿ ಆರು ತಿಂಗಳು ಬಾಳೆಹಣ್ಣಿಗಿಂತ ಹೆಚ್ಚಾಗಿ ಕುಪ್ಪಸದ ಬಟ್ಟೆ ಪ್ರಯಾಣ ಮಾಡಿದೆ. ಬೆವರಿಗೆ ಕುಂಕುಮ ಇಳಿದು ಮೂಗಿನ ತುದಿಯಿಂದ ತೊಟ್ಟಿಕ್ಕುವುದನ್ನು ನೋಡಿ ಶಿಗ್ಲಿ ರಸ್ತೆಯಲ್ಲಿ ಹೆಸರುಕಾಳು ಒಣಹಾಕಿ ಕುಳಿತಿದ್ದ ಅಜ್ಜಿಯೊಬ್ಬಳು, "ಎಲ್ಲಿ ಬಿದ್ದೀಯವ್ವಾ?" ಎಂದು ಗಾಬರಿಯಾಗಿ ಕೇಳಿದ್ದುಂಟು.

ಇದೆಲ್ಲ ನಗುವ ವಿಷಯ. ನಾನೂ ನಗುತ್ತಿದ್ದೆ. ಆದರೆ ಆ ಸಂಜೆ ಹೋದ ವರ್ಷದ ಹನ್ನೊಂದು ನಿಮಿಷ ಎಲ್ಲಿ ಹೋಯಿತು ಎಂಬುದು ಒಮ್ಮೆಗೇ ಹೊಳೆದು ನಗು ಬಾಯಲ್ಲೇ ಉಳಿಯಿತು. ಸ್ಪರ್ಧೆಯಲ್ಲಿ ದಾರಿಯುದ್ದಕ್ಕೂ ನೀರು, ಹಣ್ಣು ಕೊಡುವ ಡೇರೆಗಳು ಇರುತ್ತವೆ. ಬೇರೆಯವರು ಓಡುವ ಸೈಕಲ್ಲಿನಿಂದಲೇ ಕೈಚಾಚಿ ಬಾಟಲಿ ಕಸಿದುಕೊಂಡು ಹೋಗುತ್ತಿದ್ದರು. ನಾನು ಪ್ರತಿ ಡೇರೆಯಲ್ಲೂ ಇಳಿದೆ. ಯಾರೋ ಪ್ಲಾಸ್ಟಿಕ್ ಕುರ್ಚಿ ಸರಿಸಿದರು, ಕುಳಿತೆ. ಕೊಟ್ಟದ್ದನ್ನು ಪೂರ್ತಿ ಕುಡಿದು ಲೋಟ ವಾಪಸು ಕೊಟ್ಟೆ. ಒಂದು ಕಡೆ ನೀರು ಕೊಟ್ಟ ಹುಡುಗಿಗೆ, ನಿನ್ನ ಊರು ಯಾವುದು, ಎಷ್ಟನೆಯ ವರ್ಷ ಓದುತ್ತಿ ಎಂದು ಕೇಳಿದ್ದೂ ನೆನಪಾಯಿತು. ಅವಳು ಪಾಪ ಉತ್ತರ ಹೇಳಿದಳು. ನೀರು ಕೊಟ್ಟವರ ಹತ್ತಿರ ಎರಡು ಮಾತಾಡದೆ ಹೋಗುವುದು ಹೇಗೆ? ಹಾಗೆ ಎದ್ದು ಹೋಗಲು ನನಗೆ ಬರುತ್ತಲೇ ಇರಲಿಲ್ಲ, ಆರು ತಿಂಗಳಿಂದ ಮತ್ತೆ ಆ ಇಳಿದು ಕೂಡುವುದನ್ನೇ ರೂಢಿ ಮಾಡಿಕೊಂಡು ಕುಳಿತಿದ್ದೆ.

ನಮ್ಮಪ್ಪ ನೇಕಾರರು. ಇದೇ ಮನೆಯಲ್ಲಿ ಮಗ್ಗ ಇತ್ತು. ಮಗ್ಗ ನಿಲ್ಲಿಸಿ ಎದ್ದು ಹೋಗಿ ಮತ್ತೆ ಬಂದು ಕುಳಿತು ಶುರು ಮಾಡಿದ ಜಾಗದಲ್ಲಿ ಬಟ್ಟೆಯಲ್ಲಿ ಸಣ್ಣದೊಂದು ಗೆರೆ ಕಾಣುತ್ತದೆ. ಅಪ್ಪ ನೇಯ್ದ ಸೀರೆ ಬೆಳಕಿಗೆ ಹಿಡಿದು, ಇಲ್ಲಿ ನೀರು ಕುಡಿಯಲು ಎದ್ದೆ, ಇಲ್ಲಿ ಯಾರೋ ಕರೆದರು ಎಂದು ತಾವೇ ತೋರಿಸುತ್ತಿದ್ದರು. ನನ್ನ ವಹಿಯಲ್ಲಿ ಒಂದೂ ಗೆರೆ ಇರಲಿಲ್ಲ. ಗಡಿಯಾರ ಎಲ್ಲವನ್ನೂ ಅಳಿಸಿ ಚೊಕ್ಕ ಮಾಡಿಕೊಟ್ಟಿತ್ತು. ಸೈಕಲ್ ಪುಟದ ಮೇಲೆ ಅಡ್ಡಗೆರೆ ಎಳೆದು ಸೊನ್ನೆ ಹಾಕಿದೆ.

ದೊಡ್ಡ ಸುತ್ತು ಹೊಡೆಯಲು ಒಂದೇ ರವಿವಾರ ಉಳಿದಿತ್ತು. ಅದಾದ ಮೇಲೆ ಮೈಗೆ ವಿಶ್ರಾಂತಿ ಕೊಡಬೇಕು. ಮನೆಯವರಿಗೆ ಹೇಳಿದೆ, "ಈ ಐತವಾರ ಎಲ್ಲೂ ನಿಂದ್ರೂದಿಲ್ಲ. ಗಡಿಯಾರಾನೂ ನಿಂದ್ರೂದಿಲ್ಲ. ಎಂಟೂವರಿ ತಾಸಿನೊಳಗ ಮನಿಗೆ ಬಂದ್ರ ಸ್ಪರ್ಧಾಕ್ಕ ಹೋಗ್ತೀನಿ. ಇಲ್ಲಾಂದ್ರ ಸೋಮವಾರ ಹೆಸರು ತಗಸ್ತೀನಿ."

"ಆತು," ಎಂದರು. ಅವರ ಮುಖದಲ್ಲಿ ಯಾವುದು ಆದರೆ ಖುಷಿ ಎಂದು ನನಗೆ ಓದಲಾಗಲಿಲ್ಲ. ನನಗೇ ಯಾವುದು ಬೇಕಿತ್ತು ಎಂದು ಕೇಳಿದರೆ, ಅಷ್ಟು ದಣಿದಿದ್ದೆ, ಯಾರಾದರೂ ಬಂದು ಸೈಕಲ್ ಕಸಿದುಕೊಂಡರೆ ಕೈ ಮುಗಿಯುತ್ತಿದ್ದೆ.

ಮೂರೂ ಮನೆಗಳಿಗೆ ಫೋನು ಮಾಡಿ ಬರುವುದಿಲ್ಲ ಎಂದು ಹೇಳಬೇಕಿತ್ತು. ಇದು ಈಜಿಗಿಂತ ಕಷ್ಟದ ಕೆಲಸ. ಲಕ್ಷ್ಮೇಶ್ವರದ ಗೆಳತಿ ಅರ್ಥ ಮಾಡಿಕೊಂಡಳು. ಮುಂಡರಗಿಯ ಅತ್ತಿ, "ಯಾಕವಾ, ನಮ್ಮ ಮನೀ ಚಾ ಕಹಿ ಆತನು?" ಎಂದಳು. ಅರ್ಧ ತಾಸು ಸಮಜಾಯಿಷಿ ಹೇಳಿದೆ.

ಅಕ್ಕನಿಗೆ ಕೊನೆಗೆ ಮಾಡಿದೆ. ಅಕ್ಕ ನನಗಿಂತ ಹನ್ನೆರಡು ವರ್ಷ ದೊಡ್ಡವಳು. ಅವ್ವ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುತ್ತ ಕುಳಿತಿರುತ್ತಿದ್ದ ಕಾಲದಲ್ಲಿ ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಪ್ರತಿ ರವಿವಾರ ನನ್ನ ದಾರಿ ಕಾಯುತ್ತಾಳೆ ಎಂಬುದು ನನಗೆ ಹೆಮ್ಮೆಯೂ ಹೌದು, ಭಾರವೂ ಹೌದು. ಎಷ್ಟೋ ಸಲ ಕಾಲು ಬೇಡವೆಂದರೂ, ಅಕ್ಕ ಬೇಜಾರು ಮಾಡಿಕೊಳ್ಳುತ್ತಾಳೆ ಎಂದು ಆ ಓಣಿಗೆ ತಿರುಗಿದ್ದೇನೆ, ಉಂಡಿದ್ದೇನೆ. ಅವಳಿಗಾಗಿ ಅಷ್ಟೂ ಮಾಡದಿದ್ದರೆ ಹೇಗೆ?

"ಅಕ್ಕಾ, ಈ ಐತವಾರ ಬರಾಕ ಆಗೂದಿಲ್ಲ. ಹಂಗ ದಾಟಿ ಹೋಗ್ತೀನಿ."

"ಖರೇನ ಬರೂದಿಲ್ಲ?" ಎಂದಳು.

"ಖರೆ ಅಕ್ಕಾ."

"ಪಕ್ಕಾ?"

"ಸಿಟ್ಟ ಆಗಬ್ಯಾಡ."

"ಸಿಟ್ಟ ಯಾಕ? ಆತ ಬಿಡು," ಎಂದು ಫೋನು ಇಟ್ಟಳು. ಎರಡೆರಡು ಸಲ ಕೇಳಿದ್ದು ನನ್ನ ಎದೆಗೆ ನಾಟಿತು. ವಾರವಿಡೀ ಅದೇ ಗುಂಗು. ಪಾಠ ಹೇಳುವಾಗಲೂ ಅಕ್ಕ ಬಾಗಿಲಲ್ಲಿ ನಿಂತಿರುವುದೇ ಕಣ್ಣಿಗೆ ಬರುತ್ತಿತ್ತು.

ರವಿವಾರ ಐದಕ್ಕೆ ಹೊರಟೆ. ಮುಂಡರಗಿಗೆ ಹೋಗುವಾಗ ಗಾಳಿ ಬೆನ್ನಿಗಿತ್ತು. ಅತ್ತಿ ರಸ್ತೆಯ ಬದಿಗೆ ಬಂದು ನಿಂತಿದ್ದಳು. ಕೈಯಲ್ಲಿ ಕುಂಕುಮದ ಬಟ್ಟಲು. ನಾನು ಕೈ ಬೀಸಿದೆ, ಅವಳು ಬಟ್ಟಲು ಬೀಸಿದಳು, ಏನೋ ಬೈದದ್ದೂ ಕೇಳಿಸಿತು. ತಿರುಗಿದ ಮೇಲೆ ಗಾಳಿ ಎದುರಾಯಿತು. ನಮ್ಮ ಕಡೆಯ ಪಡುವಣ ಗಾಳಿ ಯಾರ ಮುಲಾಜೂ ನೋಡುವುದಿಲ್ಲ. ಗುಡ್ಡದ ಮೇಲಿನ ಗಾಳಿಯಂತ್ರಗಳು ಅದನ್ನು ತಿಂದು ತಿರುಗುತ್ತಿದ್ದವು, ನಾನು ಅದನ್ನೇ ತಿಂದು ತೆವಳುತ್ತಿದ್ದೆ. ಗದಗ ದಾಟಿದೆ. ಲಕ್ಷ್ಮೇಶ್ವರದ ದಾರಿಯಲ್ಲಿ ಅರ್ಧ ರಸ್ತೆಗೆ ಹೆಸರುಕಾಳು ಒಣಹಾಕಿದ್ದರು, ಉಳಿದರ್ಧದಲ್ಲಿ ಲಾರಿ. ಗೆಳತಿಯ ಮನೆಯ ಕಡೆ ನೋಡದೆ ಶಿಗ್ಲಿ ಮುಟ್ಟಿ ತಿರುಗಿದೆ.

ಲಕ್ಷ್ಮೇಶ್ವರ ಮತ್ತು ಶಿರಹಟ್ಟಿಯ ನಡುವೆ ನಾನು ಮುಗಿದುಹೋದೆ. ಕೂತು ಎದ್ದು ಹೋಗುತ್ತಿದ್ದ ಕಾಲುಗಳಿಗೆ ಒಂದೇ ಸಮನೆ ತುಳಿಯುವುದೆಂದರೆ ಏನೆಂದು ಗೊತ್ತೇ ಇರಲಿಲ್ಲ. ಸೊಂಟದಿಂದ ಕೆಳಗೆ ನನ್ನದಲ್ಲದ ಮೈ. ಕುತ್ತಿಗೆ ಎತ್ತಲು ಬರುತ್ತಿರಲಿಲ್ಲ, ಮುಂದಿನ ಗಾಲಿ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಆಗ ಮನಸ್ಸು ಬಹಳ ಸಭ್ಯವಾಗಿ ಮಾತಾಡತೊಡಗಿತು. ಅಕ್ಕನಿಗೆ ನೋವಾಗಿದೆ. ಎರಡು ಸಲ ಕೇಳಿದಳಲ್ಲ. ಸ್ಪರ್ಧೆ ದೊಡ್ಡದೋ ಅಕ್ಕ ದೊಡ್ಡವಳೋ? ಒಂದೇ ನಿಮಿಷ ನಿಂತು ಮುಖ ತೋರಿಸು, ಇಷ್ಟು ಕಲ್ಲುಮನಸ್ಸು ಒಳ್ಳೆಯದಲ್ಲ.

ಶಿರಹಟ್ಟಿ ಬಂತು. ಸೈಕಲ್ ತಾನಾಗಿಯೇ ಓಣಿಗೆ ತಿರುಗಿತು ಎಂದು ಬರೆದರೆ ಸುಳ್ಳಾಗುತ್ತದೆ. ನಾನೇ ತಿರುಗಿಸಿದೆ. ಮೆಟ್ಟಿಲ ಮೇಲೆ ಎಡಗಾಲು ಇಟ್ಟೆ.

ಬಾಗಿಲಿಗೆ ಬೀಗ ಹಾಕಿತ್ತು.

ಪಕ್ಕದ ಮನೆಯ ಹೆಣ್ಣುಮಗಳು ಹೊರಗೆ ಬಂದಳು. "ನಿಮ್ಮಕ್ಕಾರು ಮುಂಜಾನಿ ಮೊದಲ್ನೇ ಬಸ್ಸಿಗೇ ಹೋದ್ರಲ್ರೀ. ಲಕ್ಕುಂಡಿಗೆ, ಮಗಳ ಮನಿಗೆ."

ಅಕ್ಕನ ಮಗಳು ಲಕ್ಕುಂಡಿಯಿಂದ ದಿನಾ ಗದಗಕ್ಕೆ ಕೆಲಸಕ್ಕೆ ಹೋಗುತ್ತಾಳೆ. ಮನೆಯಲ್ಲಿ ಸಿಗುವುದು ರವಿವಾರ ಮಾತ್ರ.

"ಇವತ್ತ ಏನರೆ ಕಾರ್ಯ ಐತೇನ್ರಿ?" ಎಂದೆ.

"ಕಾರ್ಯ ಏನಿಲ್ರೀ. ಮೊಮ್ಮಗಳು ಹೆಜ್ಜಿ ಹಾಕಾಕ ಹತ್ಯಾಳಂತ. ಹೋಗಬೇಕು, ನೋಡಬೇಕು ಅಂತ ಎಷ್ಟ ದಿವಸ ಆತು ಅಂತಿದ್ರು. ಐತವಾರ ತಂಗಿ ಬರ್ತಾಳ, ಹಸದ ಬರ್ತಾಳ, ಬೀಗ ನೋಡಿದ್ರ ಏನಂದ್ಕೊಂತಾಳ ಅಂತ ಹೋಗಿದ್ದಿಲ್ಲ. ಆರ ತಿಂಗಳಾತ್ರಿ ಹೋಗಲಾರದ." ಅವಳು ನನ್ನ ಮುಖ ನೋಡಿದಳು. "ಅಯ್ಯ, ಎಷ್ಟ ದಣದೀರಿ. ಬರ್ರಿ ಅಕ್ಕಾರ, ಒಳಗ ಬರ್ರಿ. ಚಾ ಕುಡೀರಿ. ಕುಂಕುಮರೆ ಹಚಗೊಂಡ ಹೋಗ್ರಿ."

ಅವಳು ಬಾಗಿಲು ಪೂರ್ತಿ ತೆರೆದಳು. ಒಳಗೆ ನೆರಳಿತ್ತು, ನೆಲ ತಣ್ಣಗಿರುತ್ತದೆ ಎಂದು ಹೊರಗಿನಿಂದಲೇ ತಿಳಿಯುತ್ತಿತ್ತು. ಗಡಿಯಾರ ಓಡುತ್ತಿತ್ತು. ನಾನು ಅಕ್ಕನಿಗಾಗಿ ನಿಲ್ಲುತ್ತಿದ್ದೆ, ಅಕ್ಕ ನನಗಾಗಿ ನಿಂತಿದ್ದಳು. ಬೇಡ ಎಂದು ಹೇಳಲು ಇಬ್ಬರಿಗೂ ಬಾಯಿರಲಿಲ್ಲ. ಅವಳದಾದರೂ ಖರೆ ಸಂಕೋಚ. ನನ್ನದು ಕಾಲುನೋವಿಗೆ ಇಟ್ಟ ಸಂಕೋಚವೆಂಬ ಹೆಸರು. ನನಗೆ ನಾಚಿಕೆಯಾಯಿತು, ಬಿಸಿಲಿನಲ್ಲಿ ನಿಂತು ಬೆವರಿದ ಮೈ ಮತ್ತೊಮ್ಮೆ ಬೆವರಿತು.

"ಬ್ಯಾಡ್ರಿ," ಎಂದೆ.

ಅವಳಿಗೆ ಕೇಳಿಸಲಿಲ್ಲವೇನೋ, "ಬರ್ರಿ ಬರ್ರಿ, ಎರಡ ನಿಮಿಷ," ಎಂದಳು.

"ಬ್ಯಾಡ್ರಿ. ನಾ ಹೋಗ್ಬೇಕು," ಎಂದು ಕಾಲು ಎತ್ತಿದೆ. ನಲವತ್ತಾರು ವರ್ಷಕ್ಕೆ ಮೊದಲ ಸಲ, ಕರೆದ ಮನೆಗೆ ಬೆನ್ನು ಹಾಕಿ ಹೋದೆ. ಅವಳ ಮುಖ ಸಪ್ಪಗಾದದ್ದು ನೋಡಿದೆ. ಅದು ಇನ್ನೂ ಕಾಡುತ್ತದೆ, ಒಂದು ದಿನ ಸುಮ್ಮನೆ ಬಸ್ಸಿಗೆ ಹೋಗಿ ಅವಳ ಚಹಾ ಕುಡಿದು ಬರಬೇಕು.

ಶಿರಹಟ್ಟಿಯಿಂದ ಗದಗಕ್ಕೆ ಹೇಗೆ ಬಂದೆ ಎಂದು ಹೇಳಲು ಏನೂ ಇಲ್ಲ. ತುಳಿದೆ. ಎರಡು ಸಲ ಅತ್ತೆ. ಮನೆಯ ಮುಂದೆ ಇಳಿದು ಗಡಿಯಾರ ಒತ್ತಿದಾಗ ಎಂಟು ತಾಸು ಇಪ್ಪತ್ನಾಲ್ಕು ನಿಮಿಷವಾಗಿತ್ತು. ಐವತ್ತು ನಿಮಿಷದ ಜಂಬದಲ್ಲಿ ಉಳಿದದ್ದು ಆರು ನಿಮಿಷ.

ಸಂಜೆ ಅಕ್ಕನೇ ಫೋನು ಮಾಡಿದಳು, ಇನ್ನೂ ಲಕ್ಕುಂಡಿಯಲ್ಲೇ ಇದ್ದಳು. ಹಿಂದೆ ಮಗುವಿನ ಕಿರುಚಾಟ, ಎಲ್ಲರ ನಗು. "ತಂಗಿ, ನಾಕ ಹೆಜ್ಜಿ ಹಾಕಿದ್ಲು. ನನ್ನ ಕಡೆನ ಬಂದ್ಲು!" ಎಂದಳು. ಅಷ್ಟು ಖುಷಿಯ ದನಿ ನಾನು ಕೇಳಿ ಎಷ್ಟೋ ದಿನವಾಗಿತ್ತು.

"ನನಗ ಮೊದಲ ಹೇಳೂದಲ್ಲೇನ ಅಕ್ಕಾ?"

"ನೀ ಅಷ್ಟ ದೂರದಿಂದ ತುಳಕೊಂತ ಬರಾಕಿ. ಬರಬ್ಯಾಡ ಅಂತ ಹೆಂಗ ಹೇಳಲಿ?" ಎಂದಳು. ಆಮೇಲೆ, "ಮುಂದಿನ ಐತವಾರ?"

"ಬರೂದಿಲ್ಲ."

"ಆತು," ಎಂದಳು. ಈ ಸಲ ಒಂದೇ ಸಲ ಕೇಳಿದ್ದಳು.

ನಾನು ಅಡುಗೆಮನೆಯ ನೆಲದ ಮೇಲೆ ಕುಳಿತು ವಹಿ ತೆಗೆದೆ. ಒಟ್ಟು ಸಮಯ ಬರೆದೆ. ಅದರ ಕೆಳಗೆ ಇನ್ನೊಂದು ಸಾಲು: ನಿಂತದ್ದು ನಾಲ್ಕು ನಿಮಿಷ, ಶಿರಹಟ್ಟಿ, ಬೀಗ ಹಾಕಿದ ಬಾಗಿಲ ಮುಂದೆ. ಮನೆಯವರು ಚಹಾ ತಂದಿಟ್ಟು ಓದಿ ನೋಡಿದರು.

"ಆರ ನಿಮಿಷ ಬಾಳ ಕಡಿಮಿ ಆತು," ಎಂದರು. "ಬಾಳ ದಣದಿ. ಹೆಸರು ತಗಸ್ತಿಯೇನ?"

ತೆಗೆಸುತ್ತೇನೆ ಎನ್ನಲು ಬಾಯಿ ತೆರೆದಿದ್ದೆ, ಖರೆ.

"ಇಲ್ಲ," ಎಂದೆ. "ಅಕ್ಕನ ಆರ ತಿಂಗಳ ಐತವಾರ ತಿಂದೀನಿ. ಈಗ ಹೋಗದ ಹೆಂಗ ಇರಲಿ?"